ಹೊಂಡದಲ್ಲಿ ಅರವತ್ತು ಬಾಟಲಿ

ಕ್ಷೌರದ ಅಂಗಡಿಯಲ್ಲಿ ಕತ್ತಿಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಕುಳಿತವನಿಗೆ ಕೈಗಳಿದ್ದೂ ಉಪಯೋಗವಿಲ್ಲ. ಮೂಗಿನ ತುದಿ ತುರಿಸಿದರೂ ಸಹಿಸಿಕೊಳ್ಳಬೇಕು. ಮೊನ್ನೆ ಕೋಲಾರದಲ್ಲಿ ನಾನು ಆ ಸ್ಥಿತಿಯಲ್ಲಿದ್ದಾಗ ಹಿಂದಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಪತ್ರಿಕೆಯನ್ನು ಅಗಲವಾಗಿ ಬಿಡಿಸಿ ಹಿಡಿದಿದ್ದರು. ಎದುರಿನ ಕನ್ನಡಿಯಲ್ಲಿ ಅದರ ಮುಖಪುಟ ಎಡಬಲ ತಿರುಗಿ ಕಾಣುತ್ತಿತ್ತು. ಒಂದೊಂದೇ ಅಕ್ಷರವನ್ನು ಕೂಡಿಸಿಕೊಂಡು 'ಬಿಯರ್ ಮತ್ತೆ' ಎನ್ನುವವರೆಗೆ ಓದಿದ್ದೆ. ಅಷ್ಟರಲ್ಲಿ ಆ ಪುಣ್ಯಾತ್ಮರು ಪುಟ ಮಗುಚಿ ರಾಶಿಭವಿಷ್ಯಕ್ಕೆ ಹೋದರು. ಮತ್ತೆ ಏನು? ಏರಿತೇ, ಇಳಿಯಿತೇ? ಕೇಳೋಣವೆಂದರೆ ಕತ್ತರಿ ಕಿವಿಯ ಪಕ್ಕದಲ್ಲಿತ್ತು.

ಕೇಳುವ ಅಗತ್ಯವೂ ಬೀಳಲಿಲ್ಲ. "ಏರಲಿ ಬಿಡಿ ಸರ್, ಕುಡಿಯುವವರು ಕೊಡಲಿ" ಎಂದು ಕ್ಷೌರಿಕನೇ ತೀರ್ಪು ಕೊಟ್ಟ. ಕಟಿಂಗಿನ ದರವನ್ನು ಅವನು ಏರಿಸಿದಾಗ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದನೇ ಹೊರತು ಯಾರ ಅಭಿಪ್ರಾಯವನ್ನೂ ಕೇಳಿರಲಿಲ್ಲ. ಸರದಿಗಾಗಿ ಕಾಯುತ್ತಿದ್ದ ಇನ್ನೊಬ್ಬರು, ಬಿಯರ್ ಎಂಬುದು ಮದ್ಯವೇ ಅಲ್ಲ, ಬಾರ್ಲಿ ನೀರು, ಮೂತ್ರಪಿಂಡದ ಕಲ್ಲಿಗೆ ಒಳ್ಳೆಯದು ಎಂದರು. ಇಂಥ ವೈದ್ಯರು ಪ್ರತಿ ಕ್ಷೌರದ ಅಂಗಡಿಯಲ್ಲೂ ಒಬ್ಬೊಬ್ಬರಿರುತ್ತಾರೆ. ರಾಶಿಭವಿಷ್ಯದ ಹಿರಿಯರು ಪತ್ರಿಕೆಯಿಂದ ತಲೆ ಎತ್ತದೆಯೇ "ಎಲ್ಲವನ್ನೂ ನಿಲ್ಲಿಸಿಬಿಡಬೇಕು" ಎಂದರು. ಈ ಚರ್ಚೆಯಲ್ಲಿ ಯಾವಾಗಲೂ ಹೀಗೆಯೇ. ಬಾಯಿ ಬಿಡುವವರಲ್ಲಿ ಬಿಯರ್ ಕೊಳ್ಳುವವರೊಬ್ಬರೂ ಇರುವುದಿಲ್ಲ. ಇದ್ದರೂ ಹಾಗೆಂದು ಒಪ್ಪಿಕೊಳ್ಳುವುದಿಲ್ಲ.

ನಮ್ಮ ಜಿಲ್ಲೆ ಬೀದಿಗಿಳಿಯಲು ಹಿಂಜರಿಯುವ ಜಿಲ್ಲೆಯೇನಲ್ಲ. ಟೊಮೆಟೊ ಬೆಲೆ ಬಿದ್ದರೆ ಹಣ್ಣನ್ನು ತಂದು ರಸ್ತೆಗೇ ಸುರಿಯುತ್ತೇವೆ. ಹಾಲಿನ ದರ ಇಳಿದರೆ ಒಕ್ಕೂಟದ ಗೇಟಿನ ಮುಂದೆ ಕೂರುತ್ತೇವೆ. ಶಾಶ್ವತ ನೀರಾವರಿಗಾಗಿ ಧರಣಿ ಕುಳಿತವರ ಮಕ್ಕಳು ಬೆಳೆದು ಅದೇ ಶಾಮಿಯಾನದ ಕೆಳಗೆ ಬಂದು ಕುಳಿತಿದ್ದಾರೆ. ಆದರೆ 'ಬಿಯರ್ ಸುಂಕ ಇಳಿಸಿ' ಎಂಬ ಫಲಕ ಹಿಡಿದು ಜಿಲ್ಲಾಧಿಕಾರಿಗಳ ಕಚೇರಿ ಮುಂದೆ ನಿಂತವರನ್ನು ಕಂಡವರಿದ್ದರೆ ಹೇಳಿ. ನಿಲ್ಲುವುದಾದರೂ ಹೇಗೆ? ಮರುದಿನ ಜಿಲ್ಲಾ ಪುಟದಲ್ಲಿ ಫೋಟೊ ಬರುತ್ತದೆ, ಹೆಂಡತಿಯ ತವರಿನವರೂ ಅದೇ ಪತ್ರಿಕೆ ತರಿಸುತ್ತಾರೆ. ಬಾಯಿ ಮುಚ್ಚಿಕೊಂಡು ಕೊಡುವ ಇಂಥ ತೆರಿಗೆದಾರ ಯಾವ ಹಣಕಾಸು ಸಚಿವರಿಗೆ ಸಿಕ್ಕರೂ ಬಿಡುವುದಿಲ್ಲ. ಅಂದ ಹಾಗೆ, ನಾನು ಕುಡಿಯುತ್ತೇನೋ ಇಲ್ಲವೋ ಎಂಬುದು ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಮನೆಗೂ ಪತ್ರಿಕೆ ಬರುತ್ತದೆ.

ಅಂಕಿ ಅಂಶ ಕೇಳುವವರಿಗಾಗಿ ಸ್ವಲ್ಪ ಹೇಳಿ ಮುಗಿಸುತ್ತೇನೆ. 2023ರ ಜುಲೈ ಬಜೆಟ್ಟಿನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಏರಿತು. ಮುಂದೆ ಅದು 195 ಆಯಿತು. 2025ರ ಬೇಸಿಗೆಯಲ್ಲಿ 200ಕ್ಕೆ ಒಯ್ಯುವ ಕರಡೂ ಬಂತು. ಅಬಕಾರಿ ಇಲಾಖೆಗೆ ಕೊಟ್ಟ ವಸೂಲಿ ಗುರಿ 2023–24ರಲ್ಲಿ 36,000 ಕೋಟಿ, ಮರುವರ್ಷ 38,525 ಕೋಟಿ, ಅದರ ಮರುವರ್ಷ 40,000 ಕೋಟಿ ರೂಪಾಯಿ. 2017ರಲ್ಲಿ ಜಿಎಸ್‌ಟಿ ಬಂದು ಉಳಿದ ಬಹುತೇಕ ಸರಕು ಜಿಎಸ್‌ಟಿ ಮಂಡಳಿಯ ಕೈಗೆ ಹೋದ ಮೇಲೆ ರಾಜ್ಯಗಳು ಯಾರ ಅಪ್ಪಣೆಯೂ ಇಲ್ಲದೆ ಕೈಹಾಕಬಹುದಾದ ಜೇಬುಗಳು ಹೆಚ್ಚಿಲ್ಲ. ಕುಡುಕನ ಜೇಬು ಅವುಗಳಲ್ಲೊಂದು. ಇದನ್ನು ಇದ್ದ ಹಾಗೆ ಹೇಳಿದರೆ ನನ್ನ ತಕರಾರಿಲ್ಲ. ದುಡ್ಡು ಬೇಕು, ಕೊಡಿ ಎಂದರೆ ಕೊಡೋಣ. ಅದನ್ನು ಬಿಟ್ಟು ನಮ್ಮ ಆರೋಗ್ಯದ ಮೇಲಿನ ಕಾಳಜಿ ಎಂದಾಗ ಮೈ ಉರಿಯುತ್ತದೆ. ಶೇ 6ರ ಬಿಯರ್ 650 ಮಿಲಿಲೀಟರ್ ಬಾಟಲಿಯಲ್ಲಿರುವ ಮದ್ಯಸಾರ ಸುಮಾರು 39 ಮಿಲಿಲೀಟರ್. ಶೇ 42.8ರ ವಿಸ್ಕಿಯ ಒಂದು 'ನೈಂಟಿ', ಅಂದರೆ 90 ಮಿಲಿಲೀಟರ್ ಪೊಟ್ಟಣದಲ್ಲೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡ ಬಾಟಲಿಯ ಬೆಲೆ ಏರಿದ ಸಂಜೆ ಕೂಲಿ ಮುಗಿಸಿ ಬಂದವನು ವೈನ್ ಸ್ಟೋರಿನ ಕಿಂಡಿಯ ಮುಂದೆ ನಿಂತು ಯಾವುದನ್ನು ಕೇಳುತ್ತಾನೆ ಎಂದು ತಿಳಿಯಲು ಆರ್ಥಿಕ ತಜ್ಞರೇ ಆಗಬೇಕಿಲ್ಲ. ಅವನ ಯಕೃತ್ತಿಗೆ ಇದರಿಂದ ಆದ ಲಾಭವೇನು ಎಂದು ಆರೋಗ್ಯದ ಕಾಳಜಿಯವರು ಒಮ್ಮೆ ಹೇಳಬೇಕು.

ಹಾಗೆ ನೋಡಿದರೆ ಕೋಲಾರದವರಾದ ನಮಗೆ ಈ ವಿಷಯದಲ್ಲಿ ಬೇರೆಯದೇ ದೂರಿರಬೇಕಿತ್ತು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ. ಶನಿವಾರ ರಾತ್ರಿ ಇಂದಿರಾನಗರದಲ್ಲಿ ಕುಡಿದ ಬಿಯರ್ ಸುತ್ತಿ ಬಳಸಿ ನಮ್ಮ ಕೆರೆಗೆ ತಲುಪುತ್ತದೆ. ಅದರ ತೆರಿಗೆ ಮಾತ್ರ ವಿಧಾನಸೌಧದಲ್ಲೇ ಉಳಿಯುತ್ತದೆ. ಇರಲಿ.

ಬಿಯರ್ ಮೇಲೆ ಎಷ್ಟು ತೆರಿಗೆ ಹಾಕಬೇಕು ಎಂಬ ಬಗ್ಗೆ ನನ್ನಲ್ಲಿ ಖಚಿತವಾದ ಒಂದು ಅಭಿಪ್ರಾಯವಿದೆ. ಅದಕ್ಕೆ ಮೊದಲು ನಮ್ಮ ಸೋದರಮಾವನ ಕೃಷಿ ಹೊಂಡದ ವಿಷಯ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಅಭಿಪ್ರಾಯದ ತೂಕ ತಿಳಿಯುವುದಿಲ್ಲ.

ಮಾವ ಶ್ರೀನಿವಾಸಪುರದ ಕಡೆಯವರು. ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಕೂಡುವುದು ಕಳೆಯುವುದು ತೆಲುಗಿನಲ್ಲಿ, ತಾಳೆಯಾಗದಿದ್ದಾಗ ಬೈಯುವುದು ಕನ್ನಡದಲ್ಲಿ. ಜೀವಮಾನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿದವರಲ್ಲ. ದೊಡ್ಡ ಮಗಳ ಮದುವೆ ನಿಶ್ಚಯವಾದದ್ದು ಮದನಪಲ್ಲಿಯ ಕಡೆಗೆ. ಮುಹೂರ್ತ ಪುಷ್ಯ ಕಳೆದು ಮಾಘಕ್ಕೆ. ಮದುವೆಯಾದ ಮೇಲೆ ಮಾವಿನ ತೋಪಿನಲ್ಲಿ ಬೀಗರ ಊಟ. ಬೀಗರ ಊಟದಲ್ಲಿ ಎಲೆಯ ಮೇಲೆ ಏನಿರಬೇಕೆಂದು ಎಲ್ಲರೂ ಕೂತು ಮಾತನಾಡುತ್ತಾರೆ, ತೋಪಿನ ಆ ಕಡೆಯ ಮೂಲೆಯಲ್ಲಿ ಏನಿರಬೇಕೆಂದು ಯಾರೂ ಆಡುವುದಿಲ್ಲ. ಆಡದಿದ್ದರೂ ಇರಲೇಬೇಕು. ಇಲ್ಲದಿದ್ದರೆ ಬೀಗರು ಮುದ್ದೆಗೆ ಸಾರು ಸಾಲದು ಎಂದು ಮುನಿಸಿಕೊಳ್ಳುತ್ತಾರೆ.

ಅದು 2025ರ ಜನವರಿ. 20ರಿಂದ ಬಿಯರ್‌ಗೆ ಹೊಸ ದರ ಎಂಬ ಸುದ್ದಿ ಬಂತು. ಅಲ್ಲಿಯವರೆಗೆ ಎಲ್ಲ ಬಿಯರ್‌ಗೂ ಲೀಟರಿಗೆ 10 ರೂಪಾಯಿಯಂತೆ ಇದ್ದ ಮೂಲ ಸುಂಕವನ್ನು ಎರಡು ಮಾಡಿದ್ದರು: ಮದ್ಯಸಾರ ಶೇ 5ರವರೆಗೆ ಇರುವುದಕ್ಕೆ 12, ಅದಕ್ಕಿಂತ ಹೆಚ್ಚಿನದಕ್ಕೆ ಶೇ 8ರವರೆಗೆ 20. ಮಾವ ಪತ್ರಿಕೆಯ ಅಂಚಿನಲ್ಲೇ ಲೆಕ್ಕ ಹಾಕಿದರು. ಐದು ಕೇಸು, ಅರವತ್ತು ಬಾಟಲಿ. ಒಂದಕ್ಕೆ ಇಪ್ಪತ್ತು ರೂಪಾಯಿ ಏರಿತೆಂದರೂ ಸಾವಿರದ ಇನ್ನೂರು. ಸಂಕ್ರಾಂತಿಯ ಎಳ್ಳು ಬೆಲ್ಲ ಇನ್ನೂ ಮನೆಯಲ್ಲಿರುವಾಗಲೇ ನಾಲ್ಕಾರು ಜನರ ಕೈಯಲ್ಲಿ ಹಂಚಿ ಸರಕು ತರಿಸಿಬಿಟ್ಟರು. ಒಬ್ಬರ ಕೈಯಲ್ಲೇ ಏಕೆ ತರಿಸಲಿಲ್ಲ ಎಂಬುದನ್ನು, ಅಬಕಾರಿ ಇಲಾಖೆಯವರೂ ಇದನ್ನು ಓದಬಹುದಾದ್ದರಿಂದ, ಇಲ್ಲಿ ಬರೆಯುವುದಿಲ್ಲ.

ತಂದದ್ದಾಯಿತು, ಇಡುವುದೆಲ್ಲಿ? ಮನೆಯಲ್ಲಿ ಅತ್ತೆ ಇದ್ದಾರೆ. ಅತ್ತೆ ಗಟ್ಟಿಯಾಗಿ ಮಾತನಾಡುವವರಲ್ಲ, ಆದರೆ ಮಾವ ಹೆದರುವುದು ಲೋಕದಲ್ಲಿ ಅವರೊಬ್ಬರಿಗೇ. ಟೊಮೆಟೊ ತೋಟದ ಮಗ್ಗುಲಲ್ಲಿ ಕೃಷಿ ಹೊಂಡವಿತ್ತು. ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿಸಿದ್ದು, ಒಳಗೆ ಕಪ್ಪು ಪ್ಲಾಸ್ಟಿಕ್ ಹಾಸು, ಕೊಳವೆ ಬಾವಿಯಿಂದ ತುಂಬಿಸಿದ ಎರಡಾಳು ನೀರು. ಬಾಟಲಿಗಳನ್ನು ಗೋಣಿಚೀಲಗಳಿಗೆ ತುಂಬಿ, ಬಾಯಿ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಬೇಲಿಯ ಕಲ್ಲುಕಂಬಕ್ಕೆ ಬಿಗಿದು, ಕತ್ತಲಾದ ಮೇಲೆ ಇಳಿಬಿಟ್ಟರು. ಸರ್ಕಾರದ ಒಂದು ಇಲಾಖೆಯ ಅನುದಾನ ಇನ್ನೊಂದು ಇಲಾಖೆಯ ಸರಕಿಗೆ ಇಷ್ಟು ಚೆನ್ನಾಗಿ ಒದಗಿ ಬಂದದ್ದು ನಾನು ಬೇರೆಲ್ಲೂ ಕಂಡಿಲ್ಲ.

ನೀರಿನಲ್ಲಿ ಬಾಟಲಿಗೆ ಏನೂ ಆಗುವುದಿಲ್ಲ, ಚೀಟಿಗೆ ಆಗುತ್ತದೆ ಎಂಬುದು ಮಾವನ ಲೆಕ್ಕದಲ್ಲಿ ಇರಲಿಲ್ಲ. ವಾರ ಕಳೆಯುವಷ್ಟರಲ್ಲಿ ಅಂಟು ಕರಗಿ ಚೀಟಿಗಳು ಒಂದೊಂದಾಗಿ ಬಿಟ್ಟುಕೊಂಡವು. ಗೋಣಿಯ ಸಂದಿಯಿಂದ ಹೊರಬಿದ್ದವು ಮೋಟಾರಿನ ಸೆಳೆತಕ್ಕೆ ಸಿಕ್ಕಿ ಡ್ರಿಪ್ ಫಿಲ್ಟರ್ ಸೇರಿದವು. ಟೊಮೆಟೊ ಸಾಲಿಗೆ ನೀರು ಹೋಗುತ್ತಿಲ್ಲವೆಂದು ಅತ್ತೆಯೇ ಫಿಲ್ಟರಿನ ಮುಚ್ಚಳ ತಿರುಗಿಸಿ ಜಾಲರಿಯನ್ನು ಹೊರಗೆ ಎಳೆದರು. ಪಾಚಿಯ ನಡುವೆ ಚಿನ್ನದ ಬಣ್ಣದ ಅಕ್ಷರಗಳು. ಅತ್ತೆ ಕೂಗಾಡಲಿಲ್ಲ. ಅಷ್ಟರಲ್ಲಿ ಚೆನ್ನಾಗಿದ್ದ ಒಂದು ಚೀಟಿಯನ್ನು ಆರಿಸಿ ತೊಳೆದರು, ಜಗಲಿಯ ಬಿಸಿಲಿನಲ್ಲಿ ಒಣಗಿಸಿದರು, ನಾಲ್ಕಾಗಿ ಮಡಿಸಿ ಮಾವನ ಲೆಕ್ಕದ ಪುಸ್ತಕದಲ್ಲಿ 'ಇತರೆ ಖರ್ಚು' ಎಂಬ ಪುಟದೊಳಗೆ ಇಟ್ಟು ಬಂದರು. ಸಂಜೆ ಪುಸ್ತಕ ತೆರೆದ ಮಾವ ಆ ರಾತ್ರಿ ಊಟ ಬೇಡವೆಂದರು. "ಸುಂಕ ಏರಿಸಿದವರು ಆರಾಮವಾಗಿ ಮಲಗಿದ್ದಾರೆ, ನನಗೆ ನೋಡು ಈ ಗತಿ" ಎಂದು ಫೋನಿನಲ್ಲಿ ನನ್ನೊಡನೆ ಹಲುಬಿದರು. "ಮಾವ, ಒಪ್ಪಿಕೊಂಡುಬಿಡಿ" ಎಂದೆ. "ಏನನ್ನು? ಅವಳು ಏನೂ ಕೇಳಿಯೇ ಇಲ್ಲವಲ್ಲ" ಎಂದರು.

ಬೀಗರ ಊಟದ ದಿನ ಇನ್ನೊಂದು ಪ್ರಕರಣ. ಹಗ್ಗ ಎಳೆದರೆ ಎರಡು ಚೀಲ ಮೇಲೆ ಬಂದವು, ಮೂರನೆಯದರ ತಳ ಕೊಳೆತು ಬಾಟಲಿಗಳು ಪ್ಲಾಸ್ಟಿಕ್ ಹಾಸಿನ ಮೇಲೆ ಜಾರಿ ನಡುಮಧ್ಯಕ್ಕೆ ಉರುಳಿದ್ದವು. ಈಜು ಬಲ್ಲ ಹುಡುಗನೊಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿ, ಮುಳುಗಿ ಮುಳುಗಿ ತೆಗೆಸಬೇಕಾಯಿತು. ಅವನು ಒಂದೊಂದನ್ನು ಎತ್ತಿ ತಂದಾಗಲೂ ದಡದಲ್ಲಿದ್ದವರು ಶಿಳ್ಳೆ ಹಾಕುತ್ತಿದ್ದುದರಿಂದ ಗುಟ್ಟು ಎಂಬುದು ಉಳಿದಿರಲಿಲ್ಲ. ಬಾಟಲಿಗಳ ಮೈಯೆಲ್ಲ ಲೋಳೆ, ಮುಚ್ಚಳದ ಅಂಚಿಗೆ ಕೆಂಪು ತುಕ್ಕು. ಎಲ್ಲಕ್ಕಿಂತ ದೊಡ್ಡ ತೊಂದರೆಯೆಂದರೆ, ಅರ್ಧ ಸ್ಟ್ರಾಂಗ್, ಅರ್ಧ ಲೈಟ್, ಎರಡೂ ಒಂದೇ ಕಂಪನಿಯವು. ಯಾವುದು ಯಾವುದೆಂದು ಹೇಳಲು ಒಂದರ ಮೇಲೂ ಚೀಟಿ ಇಲ್ಲ. ಲೀಟರಿಗೆ 12 ರೂಪಾಯಿಯದು, 20 ರೂಪಾಯಿಯದು ಎಂದು ಬೆಂಗಳೂರಿನಲ್ಲಿ ಕೂತು ಅಷ್ಟು ಶ್ರಮಪಟ್ಟು ವಿಂಗಡಿಸಿದ್ದನ್ನು ಹೊಂಡದ ನೀರು ಸದ್ದಿಲ್ಲದೆ ರದ್ದು ಮಾಡಿತ್ತು.

ಪರಿಣಾಮ ಊಹಿಸಬಹುದು. ಲೈಟ್ ಮಾತ್ರ ತೆಗೆದುಕೊಳ್ಳುವ ಪದ್ಧತಿಯಿದ್ದ ಹಿರಿಯ ಬೀಗರು ಎರಡನೆಯ ಬಾಟಲಿ ಮುಗಿಸಿ ಹೂಬಿಟ್ಟ ಮಾವಿನ ಮರದ ಕೆಳಗೆ ಮಲಗಿದವರು ದೀಪ ಹಚ್ಚುವ ಹೊತ್ತಿನವರೆಗೆ ಏಳಲಿಲ್ಲ. ಅವರ ಎಲೆ ಬಡಿಸಿದ ಹಾಗೆಯೇ ಉಳಿಯಿತು. ಅವರ ತಮ್ಮನ ಮಕ್ಕಳು ಎಷ್ಟು ಕುಡಿದರೂ ಏನೂ ಆಗುತ್ತಿಲ್ಲವೆಂದು, ಕರ್ನಾಟಕದವರು ಬಿಯರ್‌ಗೂ ನೀರು ಬೆರೆಸುತ್ತಾರೆ ಎಂದು ಗೊಣಗಿದರು. ತಮ್ಮ ಕಡೆ ಹಿಂದಿನ ಅಕ್ಟೋಬರಿನಿಂದ 99 ರೂಪಾಯಿಗೆ 180 ಮಿಲಿಲೀಟರಿನ ಕ್ವಾರ್ಟರ್ ಮದ್ಯ ಕೊಡುತ್ತಿದ್ದಾರೆಂದೂ, ಮುಂದಿನ ಸಲ ಗಡಿ ದಾಟಿ ಬಂದು ಕೊಂಡರೆ ಖರ್ಚೂ ಕಡಿಮೆ, ಹೊಂಡದ ಕೆಲಸವೂ ತಪ್ಪುತ್ತದೆಂದೂ ಒಬ್ಬ ಹುಡುಗ ಮಾವನಿಗೆ ಬುದ್ಧಿ ಹೇಳಿದ. ಮಾವ ಅದಕ್ಕೂ ಮನಸ್ಸಿನಲ್ಲೇ ಲೆಕ್ಕ ಹಾಕಿರಬೇಕು, ತುಟಿ ಅಲುಗುತ್ತಿತ್ತು. ಪೆಟ್ರೋಲು ಸೇರಿಸಿದ ಮೇಲೆ ನಿಂತಿತು. ಅಷ್ಟು ಹೊತ್ತೂ ಅತ್ತೆ ಪಂಕ್ತಿಯ ಆ ತುದಿಯಲ್ಲಿ ನಿಂತು, ಮಲಗಿದ್ದ ಬೀಗರ ಕಡೆ ಕೈ ತೋರಿಸಿ "ಅವರಿಗೆ ಇನ್ನೊಂದು ಮುದ್ದೆ ಕೇಳಿ" ಎಂದು ಮಾವನಿಗೆ ಹೇಳುತ್ತಲೇ ಇದ್ದರು.

ಲೆಕ್ಕ ಮುಗಿದದ್ದು ಹೀಗೆ: ಉಳಿತಾಯ 1,200. ಅದರಲ್ಲಿ ಹಗ್ಗ 180, ಹೊಸ ಜಾಲರಿ 350, ಮುಳುಗಿದ ಹುಡುಗನಿಗೆ 500, ಅವನಿಗೆ ನೆಗಡಿಯಾಗಿ ಔಷಧಿ ಎಂದು ಅವನ ತಾಯಿ ಕೇಳಿದ್ದು 200. ಒಟ್ಟು 1,230. ಮೂವತ್ತು ರೂಪಾಯಿ ನಷ್ಟ. ಹುಡುಕಿದರೂ ಸಿಗದ ನಾಲ್ಕು ಬಾಟಲಿಗಳನ್ನು ಮಾವ ನಷ್ಟಕ್ಕೆ ಹಾಕಿಲ್ಲ, ದಾಸ್ತಾನು ಎಂದು ತೋರಿಸಿದ್ದಾರೆ. ಸುಂಕ ಪ್ರತಿ ಸಲ ಏರಿದಾಗಲೂ ಅವುಗಳ ಬೆಲೆಯನ್ನು ತಿದ್ದಿ ಬರೆಯುತ್ತಾರೆ. ದರ ಏರಿಕೆಯಿಂದ ಲಾಭ ಮಾಡಿಕೊಳ್ಳುತ್ತಿರುವವರು ಹಣಕಾಸು ಇಲಾಖೆಯನ್ನು ಬಿಟ್ಟರೆ, ನನಗೆ ತಿಳಿದಂತೆ, ಅವರೊಬ್ಬರೇ.

ಈಗ ಎರಡನೆಯ ಮಗಳಿಗೆ ಗಂಡು ಗೊತ್ತಾಗುವಂತಿದೆ, ಚಿಂತಾಮಣಿಯ ಕಡೆಯವರು. ಆ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ಮಾಂಸವನ್ನೂ ಬಿಟ್ಟಿದ್ದಾರೆ, ಊಟವಾದ ಮೇಲೆ ಎಲ್ಲರಿಗೂ ಬಾದಾಮಿ ಹಾಲು ಆದರೆ ಸಾಕು ಎಂದಿದ್ದಾರಂತೆ. ಕೇಳಿದ ದಿನ ಮಾವನಿಗೆ ಸಂತೋಷವೋ ಸಂತೋಷ. ಪೇಟೆಗೆ ಹೋಗಿ ಬಾದಾಮಿ ಕೆಜಿಗೆ ಎಷ್ಟೆಂದು ವಿಚಾರಿಸಿಕೊಂಡು ಬಂದ ಮೇಲೆ ಅಬಕಾರಿ ಇಲಾಖೆಯ ಬಗ್ಗೆ ಸ್ವಲ್ಪ ಮೆದುವಾಗಿ ಮಾತನಾಡುತ್ತಿದ್ದಾರೆ.