ಅಲ್ಲಲ್ಲಿಯವರು ಮತ್ತು ಸುತ್ತಮುತ್ತಲಿನವರು

ನಮ್ಮ ಮನೆಗೆ ಕರೆಂಟ್ ಹೋಗುವ ಸುದ್ದಿ ಮಸ್ಕತ್‌ನಿಂದ ಬರುತ್ತದೆ.

ತಮಾಷೆಯಲ್ಲ. ಮೀಟರ್ ಇರುವುದು ಓನರ್ ಹೆಸರಲ್ಲಿ. ಕರೆಂಟ್ ಬಿಲ್ಲಿನ ಆರ್.ಆರ್. ನಂಬರ್ ಜೊತೆ ಸೇರಿಸಿರುವ ಮೊಬೈಲ್ ನಂಬರೂ ಅವರದೇ. ಅವರು ಒಮಾನ್‌ಗೆ ಹೋಗಿ ಒಂಬತ್ತು ವರ್ಷ ಆಯ್ತು. ಬ್ಯಾಂಕಿನ ಓಟಿಪಿ ಬರಲಿ ಅಂತ ಊರಿನ ನಂಬರನ್ನು ಹಾಗೇ ಇಟ್ಟುಕೊಂಡಿದ್ದಾರೆ. ಹಾಗಾಗಿ ‘ನಾಳೆ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ’ ಎಂಬ ಮೆಸೇಜ್ ನಮ್ಮ ಬೀದಿಯಿಂದ ಹೊರಟು ಅರಬ್ಬೀ ಸಮುದ್ರ ದಾಟುತ್ತದೆ. ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವರು ಎದ್ದು, ಕಾಫಿ ಕುಡಿದು, ನೆನಪಾಗಿ ಫಾರ್ವರ್ಡ್ ಮಾಡುವಷ್ಟರಲ್ಲಿ ಇಲ್ಲಿ ಲಿಫ್ಟ್ ಎರಡು ಮತ್ತು ಮೂರನೇ ಮಹಡಿ ನಡುವೆ ನಿಂತು ಅರ್ಧ ಗಂಟೆಯಾಗಿರುತ್ತದೆ. ಕೊನೆಗೆ ಅವರದೇ ಒಂದು ಸಾಲು: ‘ಟ್ಯಾಂಕ್ ತುಂಬಿಸ್ಕೊಳ್ಳಿ.’ ಮೋಟಾರ್ ಯಾವುದರಿಂದ ಓಡುತ್ತದೆ ಅನ್ನುವುದು ಮರುಭೂಮಿಗೆ ಹೋದ ಮೇಲೆ ಮರೆತಿರಬೇಕು.

ನಂಬರ್ ಬದಲಿಸೋಣ ಅಂತ ಕಚೇರಿಗೆ ಹೋದೆ. ಓನರ್ ಬರಬೇಕು, ಇಲ್ಲ ಅವರ ಪತ್ರ ಬೇಕು, ಆಧಾರ್ ಜೆರಾಕ್ಸ್ ಬೇಕು ಎಂದರು. ಆಮೇಲೆ ಕೌಂಟರಿನಲ್ಲಿದ್ದವರು ನಿಜವಾಗಲೂ ಅರ್ಥವಾಗದವರಂತೆ ಕೇಳಿದರು. ‘ನಿಮಗೆ ಮೆಸೇಜ್ ಯಾಕೆ ಸರ್? ಕರೆಂಟ್ ಹೋದ್ರೆ ಗೊತ್ತಾಗುತ್ತಲ್ವಾ?’

ಈ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಇನ್ನು ಮೆಸೇಜ್ ಸಮಯಕ್ಕೆ ಬಂದರೂ ಅದರಲ್ಲಿ ನಮ್ಮ ಬೀದಿಯ ಹೆಸರು ಇರುವುದಿಲ್ಲ. ದೇವಸ್ಥಾನದ ರಸ್ತೆ ಇರುತ್ತದೆ, ಕೈಗಾರಿಕಾ ಪ್ರದೇಶ ಇರುತ್ತದೆ, ಯಾವತ್ತೋ ಮುಚ್ಚಿಹೋದ ಸಿನಿಮಾ ಟಾಕೀಸಿನ ಹೆಸರೂ ಇರುತ್ತದೆ. ಎಲ್ಲ ಮುಗಿದ ಮೇಲೆ ‘ಮತ್ತು ಸುತ್ತಮುತ್ತಲಿನ ಪ್ರದೇಶಗಳು’. ಅದೇ ನಮ್ಮ ವಿಳಾಸ. ಕೆಳಗೆ ‘ಸಾರ್ವಜನಿಕರು ಸಹಕರಿಸಬೇಕಾಗಿ ಕೋರಿದೆ’ ಎಂದಿರುತ್ತದೆ. ನಾವು ನಿಂತ ಫ್ಯಾನ್ ಕೆಳಗೆ ಕೂತು ಬೆವರುತ್ತಾ ಸಹಕರಿಸುತ್ತೇವೆ. ಸಹಕರಿಸದೇ ಇರುವುದು ಹೇಗೆ ಅಂತ ಯಾರಾದರೂ ಹೇಳಿಕೊಟ್ಟರೆ ಒಂದು ದಿನ ಅದನ್ನೂ ಮಾಡಿ ನೋಡಬಹುದಿತ್ತು.

ಮಳೆಯವರದು, ಅಂದರೆ ಹವಾಮಾನ ಇಲಾಖೆಯವರದು, ಇನ್ನೂ ಚಂದ. ಅಳತೆಯಲ್ಲಿ ಅವರು ಅಕ್ಕಸಾಲಿಗರ ಹಾಗೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಂದರೆ ಅದು ಭಾರಿ ಮಳೆ. 115.6 ಆಯಿತೋ, ಅತಿ ಭಾರಿ. 204.4 ದಾಟಿದರೆ ಅತ್ಯಂತ ಭಾರಿ. ಒಂದು ಗುಲಗಂಜಿಯಷ್ಟೂ ಆಚೀಚೆ ಆಗುವ ಹಾಗಿಲ್ಲ. ಸರಿ, ಇಷ್ಟು ಕರಾರುವಾಕ್ಕಾದ ಮಳೆ ಎಲ್ಲಿ ಬರುತ್ತದೆ ಸ್ವಾಮಿ? ‘ಅಲ್ಲಲ್ಲಿ.’

ಅಲ್ಲಲ್ಲಿ ಎಂಬ ಊರು ಯಾವ ತಾಲ್ಲೂಕಿಗೆ ಸೇರುತ್ತದೆ ಅಂತ ನಾನು ಹುಡುಕದ ನಕ್ಷೆಯಿಲ್ಲ. ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರು ಆಗುಂಬೆ ಅಂತ ಸ್ಕೂಲಿನಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಸುಮ್ನೆ. ಅದು ಅಲ್ಲಲ್ಲಿ.

ಮಾಪನಕ್ಕೆ ಬಡತನ ಇದೆ ಅಂದುಕೊಳ್ಳಬೇಡಿ. ಈ ವಿಷಯದಲ್ಲಿ ನಮ್ಮ ರಾಜ್ಯ ದೇಶಕ್ಕೇ ಹೇಳಿಕೊಡುವಷ್ಟಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದವರೆಗೆ 6,000ಕ್ಕೂ ಹೆಚ್ಚು ಮಳೆ ಮಾಪಕಗಳನ್ನು ನೆಟ್ಟಿದ್ದಾರೆ. ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ರೈತರು ಫೋನ್ ಮಾಡಿ ಕೇಳಲು ‘ವರುಣ ಮಿತ್ರ’ ಸಹಾಯವಾಣಿ ಇದೆ. ಸಿಡಿಲಿಗೆ ಬೇರೆ ಆಪ್, ಬೆಂಗಳೂರಿನ ಮಳೆಗೆ ಬೇರೆ ಆಪ್, ಕೇಂದ್ರ ಸರ್ಕಾರದ ‘ಸಚೇತ್’ ಆಪ್ ಬೇರೆ. ಮಳೆ ಹನಿಗೆ ತಾನು ಎಲ್ಲಿ ಬಿದ್ದೆ ಅಂತ ಗೊತ್ತಿಲ್ಲದಿದ್ದರೂ ಮಾಪಕಕ್ಕೆ ಗೊತ್ತು. ಆದರೆ ಮಾಪಕದಿಂದ ನನ್ನ ಜೇಬಿನ ಫೋನಿನವರೆಗಿನ ದಾರಿ ಇದೆಯಲ್ಲ, ಅಲ್ಲಿ ನೀರು ನಿಂತಿರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಹಾಗೆ.

ಮಳೆಯ ಎಚ್ಚರಿಕೆ ಬಣ್ಣಗಳಲ್ಲಿ ಬರುತ್ತದೆ, ಆ ಬಣ್ಣಗಳನ್ನು ಅರ್ಥ ಮಾಡಿಕೊಳ್ಳುವ ಕೆಲಸ ನಮ್ಮದೇ. ಯೆಲ್ಲೋ ಅಲರ್ಟ್ ಬಂದಾಗ ಮೇಲಿನ ಮನೆ ಆಂಟಿ ಟೆರೇಸಿನಿಂದ ಕೂಗಿ ಕೇಳಿದರು. ‘ಸಂಡಿಗೆ ಹಾಕ್ಬೋದಾ?’ ನನಗೇನು ಗೊತ್ತು? ‘ಜಾಗೃತರಾಗಿರಿ’ ಅಂತಿದೆ ಎಂದೆ. ಅವರು ಬೆಳಗಿನಿಂದ ಸಂಜೆವರೆಗೆ ಸಂಡಿಗೆ ಪಕ್ಕದಲ್ಲೇ ಜಾಗೃತರಾಗಿ ಕೂತರು. ಒಂದು ಹನಿ ಬೀಳಲಿಲ್ಲ. ಮಾರನೇ ದಿನ ಯಾವ ಬಣ್ಣವೂ ಇರಲಿಲ್ಲ. ಮೂರು ಸೇರು ಅಕ್ಕಿಯ ಸಂಡಿಗೆ ಗಂಜಿಯಾಗಿ ಪೈಪಿನಲ್ಲಿ ಇಳಿದು ಬಂತು. ಈಗ ಅವರು ಹವಾಮಾನವನ್ನು ಬೀದಿ ತುದಿಯ ಇಸ್ತ್ರಿ ಗಾಡಿ ನೋಡಿ ತಿಳಿದುಕೊಳ್ಳುತ್ತಾರೆ. ಇಸ್ತ್ರಿಯವರು ಗಾಡಿ ಮೇಲೆ ಟಾರ್ಪಾಲ್ ಎಳೆದರು ಅಂದರೆ ಹತ್ತು ನಿಮಿಷದಲ್ಲಿ ಮಳೆ. ಇದುವರೆಗೆ ತಪ್ಪಿಲ್ಲ. ಅವರು ತಪ್ಪಿದರೆ ಒದ್ದೆಯಾಗುವುದು ಅವರ ಇದ್ದಿಲು ತಾನೆ!

ಸರ್ಕಾರದ ಮೆಸೇಜ್ ಎಲ್ಲರಿಗೂ ಒಟ್ಟಿಗೇ, ಮಳೆ ಬರುವುದಕ್ಕೂ ಮೊದಲೇ ಮುಟ್ಟಿದ ದಿನವೂ ಒಂದಿದೆ. 2023ರ ಅಕ್ಟೋಬರ್ 12. ಆಫೀಸಿನಲ್ಲಿ, ಬಸ್ಸಿನಲ್ಲಿ, ಬಾತ್‌ರೂಮಿನಲ್ಲಿ ಇದ್ದಬದ್ದ ಫೋನೆಲ್ಲ ಒಮ್ಮೆಲೇ ಕಿವಿ ಹರಿಯುವಂತೆ ಕೂಗಿದವು. ಪಕ್ಕದ ಮೇಜಿನವರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. ತೆಗೆದು ಓದಿದರೆ ಒಳಗಿದ್ದ ಸಾರ ಇಷ್ಟು: ಇದು ಪರೀಕ್ಷೆಗಾಗಿ ಕಳಿಸಿದ ಮೆಸೇಜ್, ದಯವಿಟ್ಟು ಕಡೆಗಣಿಸಿ, ನೀವೇನೂ ಮಾಡಬೇಕಿಲ್ಲ. ನಾವು ಆಜ್ಞಾಪಾಲಕರು. ಆವತ್ತಿನಿಂದ ಬರುವ ಎಲ್ಲವನ್ನೂ ಕಡೆಗಣಿಸುತ್ತಿದ್ದೇವೆ.

ಎಲ್ಲರೂ ನಂಬುವ ಅಲರ್ಟ್ ಒಂದೇ ಒಂದಿದೆ, ಅದು ಕರಾವಳಿಯಲ್ಲಿ. ನನ್ನ ಅಕ್ಕನ ಮಗ ಪುತ್ತೂರಿನಲ್ಲಿ ಏಳನೇ ಕ್ಲಾಸು. ರೆಡ್ ಅಂದರೆ ಎಷ್ಟು ಮಿಲಿಮೀಟರ್ ಅಂತ ಅವನಿಗೆ ಗೊತ್ತಿಲ್ಲ. ಜಿಲ್ಲಾಧಿಕಾರಿ ರಜೆ ಕೊಟ್ಟರಾ ಇಲ್ಲವಾ ಅನ್ನುವುದು ಮಾತ್ರ ರಾತ್ರಿ ಊಟಕ್ಕೆ ಮೊದಲೇ ಗೊತ್ತಿರುತ್ತದೆ. ಕೊಡದಿದ್ದರೆ ಕೊಟ್ಟಂತೆ ಮೆಸೇಜ್ ತಯಾರಿಸುವ ಪುಣ್ಯಾತ್ಮರೂ ಇದ್ದಾರೆ. ಅದು ಸುಳ್ಳು ಅಂತ ಜಿಲ್ಲಾಡಳಿತ ಮತ್ತೊಂದು ಮೆಸೇಜ್ ಕಳಿಸಬೇಕು. ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಬೆಂಗಳೂರಿನ ಹೊರವರ್ತುಲ ರಸ್ತೆಯ ಐಟಿ ಮಂದಿ 2022ರ ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ನೆನಪಿರಬಹುದು. ಒಂದೇ ರಾತ್ರಿ 131.6 ಮಿಲಿಮೀಟರ್. ಲಕ್ಷಾಂತರ ಜನ ಆಪ್ ಬರೆಯುವ ರಸ್ತೆಯಲ್ಲಿ ಕೊನೆಗೆ ಕೆಲಸಕ್ಕೆ ಬಂದಿದ್ದು ಟ್ರೇಲರ್.

ಮೊನ್ನೆ ರಾತ್ರಿ ನಮ್ಮಲ್ಲೂ ಹಾಗೇ ಸುರಿಯಿತು. ಕರೆಂಟ್ ಹೋಯಿತು, ಟವರ್ ಸತ್ತಿತು, ಫೋನ್ ಎರಡು ಪರ್ಸೆಂಟಿಗೆ ಬಂದು ಕಣ್ಣು ಮುಚ್ಚಿತು. ಬೆಳಗ್ಗೆ ಬಿಸಿಲಲ್ಲಿ ಚಾರ್ಜಿಗೆ ಹಾಕಿದ ತಕ್ಷಣ ಏಳು ಮೆಸೇಜ್ ಸಾಲಾಗಿ ಬಂದವು. ‘ಮುಂದಿನ 3 ಗಂಟೆಗಳಲ್ಲಿ ಗುಡುಗು ಸಹಿತ ಮಳೆ. ಸುರಕ್ಷಿತ ಸ್ಥಳದಲ್ಲಿರಿ.’ ನಾನು ಬೇಸ್‌ಮೆಂಟಿನಲ್ಲಿ ಪ್ಯಾಂಟ್ ಮೊಣಕಾಲಿಗೆ ಮಡಚಿ ಬಕೆಟಿನಲ್ಲಿ ನೀರು ಎತ್ತುತ್ತಿದ್ದೆ. ಕಳಿಸಿದವರ ಕಡತದಲ್ಲಿ ಮಾತ್ರ ಏಳಕ್ಕೆ ಏಳೂ ಟಿಕ್ ಆಗಿರುತ್ತವೆ. ನಾಳೆ ಯಾರಾದರೂ ಕೇಳಿದರೆ ‘ಹೇಳಿದ್ವಲ್ಲ’ ಅನ್ನಲು ಅಷ್ಟು ಸಾಕು.

ಅಷ್ಟರಲ್ಲಿ ಫೋನ್ ರಿಂಗಾಯಿತು. ಮಸ್ಕತ್.

‘ಏನ್ ಸರ್, ಮಳೆ ಅಂತೆ? ನಮ್ಮ ಬಿಲ್ಡಿಂಗ್ ಹತ್ರ ಬಂತಾ?’

‘ಅಲ್ಲಲ್ಲಿ ಬಂತು ಸರ್’ ಎಂದೆ. ‘ಅದರಲ್ಲಿ ಒಂದು ಅಲ್ಲಿ ನಿಮ್ಮ ಬೇಸ್‌ಮೆಂಟು.’