ಒಂಬತ್ತು ದಿನ ನುಂಗಿದ ಹಳದಿ ಮಾತ್ರೆ

ನಮ್ಮ ದೊಡ್ಡಮ್ಮನಿಗೆ ಬೆರಳಿನ ಗಂಟುಗಳು ಊದಿಕೊಂಡು ಬೆಳಿಗ್ಗೆ ಹೊತ್ತು ತಂಬಿಗೆ ಹಿಡಿಯಲೂ ಆಗುತ್ತಿರಲಿಲ್ಲ. ರುಮಟಾಯ್ಡ್ ಸಂಧಿವಾತ. ಡಾಕ್ಟರು ಮೆಥೊಟ್ರೆಕ್ಸೇಟ್ ಬರೆದರು. ಔಷಧ ಸರಿ, ಡೋಸೂ ಸರಿ. ವಾರಕ್ಕೆ ಒಂದೇ ದಿನ ಅದು, ಉಳಿದ ದಿನ ಫೋಲಿಕ್ ಆಸಿಡ್. ಎರಡೂ ಹಳದಿ ಬಣ್ಣದ ಸಣ್ಣ ಮಾತ್ರೆಗಳು. ಡಾಕ್ಟರ ಕೈಬರಹದ ಚೀಟಿಯಲ್ಲಿ 'ವಾರಕ್ಕೊಮ್ಮೆ' ಅಂತಲೇ ಇತ್ತು. ಕಂಪ್ಯೂಟರಿಗೆ ಏರಿಸಿದವರು 'ಓಡಿ', ಅಂದರೆ ದಿನಕ್ಕೊಮ್ಮೆ, ಅಂತ ಟೈಪ್ ಮಾಡಿದರು. ಆಸ್ಪತ್ರೆಯದೇ ಫಾರ್ಮಸಿಯವರು ಆ ಪ್ರಿಂಟ್ ನೋಡಿ ಕವರಿನ ಮೇಲೆ 1-0-0, ಅಂದರೆ ದಿನಾ ಬೆಳಿಗ್ಗೆ ಒಂದು, ಅಂತ ಬರೆದು ಕೊಟ್ಟರು. ದೊಡ್ಡಮ್ಮ ಓದಿದ್ದು ಕವರನ್ನು.

ಹತ್ತನೇ ದಿನ ಬಾಯಿ ತುಂಬ ಹುಣ್ಣು, ಗಂಜಿಯೂ ಇಳಿಯದು, ಮೈ ಸುಡುವ ಜ್ವರ. ಮೆಥೊಟ್ರೆಕ್ಸೇಟ್ ದೇಹದಲ್ಲಿ ಫೋಲೇಟಿನ, ಅಂದರೆ ಹೊಸ ಜೀವಕೋಶ ಹುಟ್ಟಲು ಬೇಕಾದ ವಿಟಮಿನ್ನಿನ, ಕೆಲಸ ತಡೆಯುತ್ತದೆ. ಬೇಗ ಬೇಗ ಹುಟ್ಟುವ ಜೀವಕೋಶಗಳಿಗೆ, ಅಂದರೆ ಬಾಯಿಯ ಒಳಪದರಕ್ಕೆ, ಮೂಳೆಯ ಮಜ್ಜೆಗೆ, ಮೊದಲ ಪೆಟ್ಟು. ಬಿಳಿ ರಕ್ತಕಣಗಳು ಪಾತಾಳಕ್ಕಿಳಿದಿದ್ದವು. ಇನ್ನೊಂದು ಆಸ್ಪತ್ರೆಯಲ್ಲಿ ಇದಕ್ಕೆ ಪ್ರತಿಮದ್ದಾದ ಲ್ಯೂಕೊವೊರಿನ್ ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡರು.

ವೈದ್ಯಕೀಯ ನಿರ್ಲಕ್ಷ್ಯ ಅಂದರೆ ನಮ್ಮ ಕಣ್ಣೆದುರು ಬರುವುದು ಹೊಟ್ಟೆಯೊಳಗೆ ಉಳಿದ ಬಟ್ಟೆ, ಕತ್ತರಿ. ಅದೂ ಆಗುತ್ತದೆ, ಇಲ್ಲ ಅನ್ನಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಚಿಕಿತ್ಸೆಗೆ ಹೋದ 10 ಜನರಲ್ಲಿ ಒಬ್ಬರಿಗೆ ಚಿಕಿತ್ಸೆಯಿಂದಲೇ ತೊಂದರೆ ಆಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಿಸಬಹುದಾದದ್ದು, ಆ ತಪ್ಪಿಸಬಹುದಾದದ್ದರಲ್ಲೂ ಅರ್ಧ ಔಷಧಕ್ಕೆ ಸಂಬಂಧಿಸಿದ್ದು. ಒಂದೇ ಥರ ಕೇಳಿಸುವ ಹೆಸರು, ಡ್ಯೂಟಿ ಬದಲಾಗುವಾಗ ಹೇಳದೆ ಬಿಟ್ಟ ಮಾತು, ಒಬ್ಬರೇ ನರ್ಸ್ ನೋಡಿಕೊಳ್ಳುವ ತುಂಬಿದ ವಾರ್ಡು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ತೀರಿಕೊಂಡಾಗ ಸಂಶಯ ಹೋದದ್ದು ಡ್ರಿಪ್ಪಿನಲ್ಲಿ ಏರಿಸಿದ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಕಡೆಗೆ. ಆ ಬಾಟಲಿ ಮಂಚದ ಹತ್ತಿರ ಬರುವ ಮೊದಲು ಎಷ್ಟು ಕೈ, ಎಷ್ಟು ಸಹಿ ದಾಟಿ ಬಂದಿರುತ್ತದೆ ನೋಡಿ.

ಹಾಗಾಗಿ ರಾತ್ರಿಪಾಳಿಯ ಡಾಕ್ಟರ ಕೊರಳಪಟ್ಟಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಇಪ್ಪತ್ತನಾಲ್ಕು ತಾಸು ನಿದ್ದೆಗೆಟ್ಟ ಪಿಜಿ (ಸ್ನಾತಕೋತ್ತರ) ಓದುವ ಡಾಕ್ಟರ್ ಹುಡುಗಿಯನ್ನು ಹೊಡೆದರೆ ಯಾರಿಗೆ ನ್ಯಾಯ ಸಿಕ್ಕಿತು? 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ನಿರ್ಧಾರ ತಪ್ಪಾದ ಮಾತ್ರಕ್ಕೆ ನಿರ್ಲಕ್ಷ್ಯ ಆಗುವುದಿಲ್ಲ, ಕ್ರಿಮಿನಲ್ ಕೇಸಿಗೆ ನಿರ್ಲಕ್ಷ್ಯ ಘೋರವಾಗಿರಬೇಕು. ಪರಿಹಾರ ಕೇಳುವ ದಾರಿ ಬೇರೆ. 1995ರಿಂದ ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ. ದೂರು ಕೊಡಲು ಎರಡು ವರ್ಷ ಅವಕಾಶ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಟೈಪಿಂಗ್ ತಪ್ಪಿಗಲ್ಲ. ಅದಾದ ಮೇಲೆ ಆ ಆಸ್ಪತ್ರೆಯವರು ನಡೆದುಕೊಂಡ ರೀತಿಗೆ. ಕೇಸ್ ಶೀಟ್ ಕೇಳಿದೆವು. ಮೆಡಿಕಲ್ ರೆಕಾರ್ಡ್ಸ್ ಅಂದರು, ನಾಳೆ ಬನ್ನಿ ಅಂದರು, ಸರ್ ಇಲ್ಲ ಅಂದರು. ರೋಗಿಯ ಕಡೆಯವರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಡಾವಳಿ ನಿಯಮವೇ ಇದೆ. ಅರ್ಜಿ ಬರೆದುಕೊಟ್ಟು ಸ್ವೀಕೃತಿ ಹಾಕಿಸಿಕೊಂಡ ಮೇಲೆ, ಹತ್ತೊಂಬತ್ತನೇ ದಿನ ಕೈಗೆ ಬಂತು. ಕೊನೇ ಪುಟದಲ್ಲಿ 'ರೋಗಿ ಮಾತ್ರೆಯನ್ನು ತಪ್ಪಾಗಿ ಸೇವಿಸಿದ್ದಾರೆ' ಅಂತ ಬರೆದಿದ್ದರು. ದೊಡ್ಡಮ್ಮ ಅದನ್ನು ಓದಿಸಿಕೊಂಡು ಕೇಳಿ, "ನಾನು ಅವರು ಬರೆದ ಹಾಗೇ ತಗೊಂಡೆನಲ್ಲಪ್ಪ" ಅಂದರು. ಆ ಕವರನ್ನು ಅವರು ಪಂಚಾಂಗದ ನಡುವೆ ಜೋಪಾನವಾಗಿ ಇಟ್ಟಿದ್ದರು. ನಮ್ಮ ಕಡೆ ಉಳಿದ ಒಂದೇ ಸಾಕ್ಷಿ ಅದು.

ಕವರು, ಚೀಟಿ, ಬಿಲ್ಲು ಯಾವುದನ್ನೂ ಎಸೆಯಬೇಡಿ ದಯವಿಟ್ಟು. ಮತ್ತೆ, ಫಾರ್ಮಸಿಯಲ್ಲಿ ಕೆಲಸ ಮಾಡುವ ಗೆಳೆಯರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಮೆಥೊಟ್ರೆಕ್ಸೇಟ್ ಕೊಡುವಾಗ ಕವರಿನ ಮೇಲೆ ವಾರದ ಹೆಸರು ಬರೆಯಿರಿ. 'ಭಾನುವಾರ ಮಾತ್ರ' ಅಂತ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ.