ಹಿತ್ತಲಿಗೆ ಯಾಕೆ ಇಂಟರ್‌ಲಾಕ್?

ಇವತ್ತು ನೆಂಟರ ಮನೆ ಒಕ್ಕಲಿಗೆ ಹೋಗಿ ಬಂದೆ. ಮನೆ ಚೆಂದ ಇದೆ, ಊಟವೂ ಚೆನ್ನಾಗಿತ್ತು. ಆದರೆ ಕೈ ತೊಳೆಯಲು ಹಿಂದಿನ ಬಾಗಿಲಿಂದ ಹೊರಗೆ ಬಂದವಳಿಗೆ ಸಿಟ್ಟು ನೆತ್ತಿಗೇರಿತು. ಹಿತ್ತಲೇ ಇಲ್ಲ! ಅಡುಗೆಮನೆಯ ಮೆಟ್ಟಿಲಿಂದ ಕಾಂಪೌಂಡ್ ಗೋಡೆಯವರೆಗೆ ಒಂದು ಗೇಣು ಮಣ್ಣು ಬಿಡದೆ ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಜೋಡಿಸುವ ಸಿಮೆಂಟ್ ಕಲ್ಲು, ಹಾಸಿದ್ದಾರೆ. ಹಳೆ ಮನೆ ಇದ್ದಾಗ ಅದೇ ಜಾಗದಲ್ಲಿ ಬಸಳೆ ಚಪ್ಪರ ಇತ್ತು, ಬಚ್ಚಲ ನೀರಲ್ಲೇ ಬೆಳೆದ ಕದಳಿ ಬಾಳೆ ಇತ್ತು, ಮೂಲೆಯಲ್ಲಿ ಆಳೆತ್ತರದ ಕರಿಬೇವಿತ್ತು. ಎಲ್ಲ ಕಿತ್ತು, ಕಲ್ಲು ಹಾಸಿ, ಅದರ ಮೇಲೆ ಚಟ್ಟಿಯಲ್ಲಿ ಕ್ರೋಟನ್ ಇಟ್ಟಿದ್ದಾರೆ. ಮಧ್ಯಾಹ್ನದ ಬಿಸಿಲಿಗೆ ಬರಿಗಾಲು ಊರಲಿಕ್ಕಿಲ್ಲ.

"ಎಂತ ಅಕ್ಕ, ಈಗ ಯಾರು ಬಸಳೆ ಮಾಡ್ತಾರೆ? ಅಂಗಡಿಯಲ್ಲಿ ಸಿಗ್ತದಲ್ಲ" ಅಂದಳು ಮನೆಯವಳು.

ಸಿಗ್ತದೆ. ನಿನ್ನೆ ಕೊಯ್ದು ಕಟ್ಟಿಟ್ಟು, ಎಲೆ ಬಾಡಿ ದಂಟು ನಾರಾದದ್ದು ಸಿಗ್ತದೆ. ಹಿತ್ತಲ ಬಸಳೆ ಹಾಗಲ್ಲ. ಮಸಾಲೆ ಕಡೆಯಲು ಹಾಕಿ, ಹಲಸಿನ ಬೀಜ ಬೇಯಲು ಇಟ್ಟು ಆಮೇಲೆ ಹೊರಗೆ ಹೋದರೆ ಸಾಕು. ಎಳೆ ಕುಡಿಯನ್ನು ಉಗುರಲ್ಲಿ ಚಿವುಟಿದರೆ ಟಕ್ ಎಂದು ಮುರಿದು ಬೆರಳಿಗೆ ಲೋಳೆ ಹತ್ತಬೇಕು. ಆ ಬಸಳೆ, ಆ ಬೀಜ, ಮೇಲಿಂದ ಬೆಳ್ಳುಳ್ಳಿ ಒಗ್ಗರಣೆ. ಬೇಸಿಗೆಯ ಮಧ್ಯಾಹ್ನಕ್ಕೆ ಇನ್ನೆಂತ ಬೇಕು?

ನನ್ನ ಹಿತ್ತಲ ಹುಚ್ಚು ನಿಮಗೆಲ್ಲ ಗೊತ್ತಿದ್ದದ್ದೇ. ಬಿಸಿಲೇರುವ ಮೊದಲು ಹರಿವೆ ಪಾತಿಗೆ ನೀರು, ಅಲಸಂಡೆ ಬಳ್ಳಿಯ ಕುಡಿಯಲ್ಲಿ ಮುತ್ತಿದ ಕರಿ ಹೇನಿಗೆ ಬೂದಿ. ಮಂಗಳೂರು ಸೌತೆಕಾಯಿ ಬೆಳೆದರೆ ಬಾಳೆ ನಾರಲ್ಲಿ ಕಟ್ಟಿ ಜಂತಿಗೆ ತೂಗುಹಾಕುವುದು. ಹಾಗೆ ಕಟ್ಟಿದ್ದು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೂ ಸಾಂಬಾರಿಗೆ ಒದಗುತ್ತದೆ. ಫ್ರಿಜ್ ಬೇಡ, ಕರೆಂಟು ಬೇಡ.

"ಬೇಸಿಗೆಯಲ್ಲಿ ಕುಡಿಯಲಿಕ್ಕೇ ನೀರಿಲ್ಲ, ಗಿಡಕ್ಕೆ ಎಲ್ಲಿಂದ?" ಎಂದು ಕೇಳುವವರಿದ್ದಾರೆ. ಸ್ವಾಮೀ, ನೀವು ಸ್ನಾನ ಮಾಡುವುದಿಲ್ಲವೇ? ಅಕ್ಕಿ ತೊಳೆಯುವುದಿಲ್ಲವೇ? ಬಸಳೆಗೂ ಬಾಳೆಗೂ ಆ ನೀರೇ ಧಾರಾಳ. ಬುಡಕ್ಕೆ ತರಗೆಲೆಯೋ ಅಡಿಕೆ ಸಿಪ್ಪೆಯೋ ದಪ್ಪಕ್ಕೆ ಮುಚ್ಚಿದರೆ ತೇವ ಆರುವುದಿಲ್ಲ. ಹೊಸ ಮನೆಗಳಲ್ಲಿ ಅದೇ ನೀರನ್ನು ಪೈಪು ಹಾಕಿ ಗುಂಡಿಗೆ ಬಿಡುತ್ತಾರೆ, ಏಪ್ರಿಲ್‌ನಲ್ಲಿ ಬಾವಿ ತಳ ಕಂಡರೆ ಟ್ಯಾಂಕರಿಗೆ ಫೋನು ಮಾಡುತ್ತಾರೆ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟು ಮಳೆಯ ಊರಲ್ಲಿ 2019ರ ಮೇ ತಿಂಗಳು ಮಂಗಳೂರಿಗೆ ನೀರನ್ನು ರೇಷನ್ ಮಾಡಿ ಬಿಡಬೇಕಾಯಿತು. ಮನೆ ಸುತ್ತ ಜಲ್ಲಿಪುಡಿ ಹಾಕಿ, ದಮ್ಮಸು ಹೊಡೆದು, ಅದರ ಮೇಲೆ ಕಲ್ಲು ಜೋಡಿಸಿದರೆ ಬಿದ್ದ ನೀರು ಹೆಚ್ಚಿನದ್ದೂ ಇಳಿಜಾರು ಹಿಡಿದು ರಸ್ತೆಯ ಚರಂಡಿಗೆ ಹೋಗುತ್ತದೆ. ಇಂಗುವುದಕ್ಕೆ ಅದಕ್ಕೆ ಜಾಗ ಎಲ್ಲಿ?

ಕೆಸರಾಗುತ್ತದೆ, ಹಾವು ಬರುತ್ತದೆ, ವಯಸ್ಸಾದವರು ಜಾರುತ್ತಾರೆ ಎನ್ನುತ್ತಾರೆ. ಎದುರಿನ ಅಂಗಳಕ್ಕೆ, ಬಾವಿಕಟ್ಟೆಗೆ ಹೋಗುವ ದಾರಿಗೆ ಹಾಕಿ, ನನ್ನ ತಕರಾರಿಲ್ಲ. ಆದರೆ ಜುಲೈಯಲ್ಲಿ ಇಂಟರ್‌ಲಾಕ್ ಮೇಲೆ ಪಾಚಿ ಕಟ್ಟಿದಾಗ ಬಂದು ನೋಡಿ, ಯಾವುದು ಹೆಚ್ಚು ಜಾರುತ್ತದೆ ಎಂದು. ಹಪ್ಪಳ ಒಣಗಿಸಲು ಅನುಕೂಲ ಎಂದರು ಒಬ್ಬರು. ಅದಕ್ಕೆ ಟೆರೇಸ್ ಇದೆ, ಚಾಪೆ ಇದೆ. ಹಿತ್ತಲನ್ನೇ ಮುಚ್ಚಬೇಕೇ?

ನನಗೆ ಇಷ್ಟು ಉರಿಯುವುದಕ್ಕೆ ಕಾರಣ ಇದೆ. 2020ರ ಲಾಕ್‌ಡೌನ್‌ನಲ್ಲಿ ಇವರಿಗೆ ಅರ್ಧ ಸಂಬಳ, ಪೇಟೆಗೆ ಹೋಗಲಿಕ್ಕಿಲ್ಲ. ಅಕ್ಕಿ, ಬೇಳೆ ಬಿಟ್ಟರೆ ನಮ್ಮ ಅಡುಗೆ ನಡೆದದ್ದು ಹಿತ್ತಲಿಂದ. ಹರಿವೆ ಸೊಪ್ಪು ಒಂದು ದಿನ, ಅದರ ದಂಟು ಮರುದಿನ, ಬಾಳೆ ಪೂಂಬೆಯ (ಹೂವಿನ) ಪಲ್ಯ, ಕುಡು (ಹುರುಳಿ) ಹಾಕಿದ ಎಳೆ ಹಲಸು. ಮಕ್ಕಳ ಬಟ್ಟಲಲ್ಲಿ ಏನೂ ಕಡಿಮೆಯಾಗಲಿಲ್ಲ. ಆ ತಿಂಗಳುಗಳಲ್ಲಿ ನನಗೆ ರಾತ್ರಿ ನಿದ್ದೆ ಬಂದಿದ್ದರೆ ಅದಕ್ಕೆ ಆ ನಾಲ್ಕು ಪಾತಿಗಳೇ ಕಾರಣ. ಅದನ್ನು "ಮನೆಯಲ್ಲಿರುವವರಿಗೆ ಹೊತ್ತು ಹೋಗಲಿಕ್ಕೆ" ಎಂದು ಯಾರಾದರೂ ಹೇಳಿದರೆ ಮೈಯೆಲ್ಲ ಉರಿಯುತ್ತದೆ.

ಮನೆ ಕಟ್ಟಿಸುತ್ತಿರುವವರು ಕಂಟ್ರಾಕ್ಟರಿಗೆ ಈಗಲೇ ಹೇಳಿ: ಅಡುಗೆಮನೆ ಹಿಂದೆ ಹತ್ತಡಿ ಮಣ್ಣು ಹಾಗೇ ಇರಲಿ, ಬಚ್ಚಲ ಪೈಪು ಆ ಕಡೆಗೆ ಬರಲಿ. ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ಹತ್ತಿರ ಬಂತು, ಮೊದಲ ಮಳೆಗೆ ಹೀರೆ, ಬೆಂಡೆ ಬೀಜ ಹಾಕಬೇಕು. ನನ್ನಲ್ಲಿ ಎರಡೂ ಇದೆ, ಬಸಳೆ ದಂಟೂ ಇದೆ. ಬೇಕಿದ್ದವರು ಸಂಜೆ ಬಿಸಿಲು ಇಳಿದ ಮೇಲೆ ಬನ್ನಿ, ಬರುವಾಗ ಒಂದು ಚೀಲ ತನ್ನಿ.